ಒಬ್ಬ ಸಬ್‌ಇನ್‌ಸ್ಪೆಕ್ಟರ್, ಅವರ ತಂದೆ ಮತ್ತು 321ನೇ ಕಲಂ

ಸುಪ್ರೀಂ ಕೋರ್ಟಿನ ವರದಿಯಾದ ತೀರ್ಪುಗಳಲ್ಲಿ ‘ಅಬ್ದುಲ್ ಕರೀಂ ವರ್ಸಸ್ ಕರ್ನಾಟಕ ರಾಜ್ಯ’ ಎಂಬುದೊಂದಿದೆ. 2000ದ ನವೆಂಬರ್ 7ರಂದು ಹೊರಬಿದ್ದ ತೀರ್ಪು. ಸರ್ಕಾರ ತಾನೇ ಹೂಡಿದ ಕ್ರಿಮಿನಲ್ ಮೊಕದ್ದಮೆಯನ್ನು ಯಾವಾಗ ಹಿಂದಕ್ಕೆ ಪಡೆಯಬಹುದು, ಯಾವಾಗ ಪಡೆಯಬಾರದು ಎಂಬ ಪ್ರಶ್ನೆ ಬಂದಾಗಲೆಲ್ಲ ವಕೀಲರು ಇದನ್ನು ಎತ್ತಿ ತೋರಿಸುತ್ತಾರೆ. ಕಾನೂನು ವಿದ್ಯಾರ್ಥಿಗಳಿಗೆ ಅದೊಂದು ಪರೀಕ್ಷೆಯ ಪ್ರಶ್ನೆ. ಆದರೆ ಈ ಅಬ್ದುಲ್ ಕರೀಂ ಯಾರು, ಅವರು ತಮ್ಮದೇ ರಾಜ್ಯ ಸರ್ಕಾರದ ವಿರುದ್ಧ ದೆಹಲಿಯ ತನಕ ಏಕೆ ಹೋದರು ಎಂದು ಕೇಳಿದರೆ ಮೀಣ್ಯಂ ಕಾಡಿನ ದಾರಿಗೆ ಬಂದು ನಿಲ್ಲಬೇಕಾಗುತ್ತದೆ. 1992ರ ಆಗಸ್ಟ್ 14ರಂದು ಆ ದಾರಿಯಲ್ಲಿ ಅವರ ಮಗ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಕೊಲೆಯಾದರು. ಕರೀಂ ಅವರೂ ಪೊಲೀಸರೇ. ಡಿವೈಎಸ್ಪಿಯಾಗಿ ನಿವೃತ್ತರಾದವರು.

ವೀರಪ್ಪನ್ ಬಗ್ಗೆ ನಮ್ಮಲ್ಲಿ ಬಂದಷ್ಟು ಪುಸ್ತಕ, ಸಿನಿಮಾ, ಧಾರಾವಾಹಿಗಳಿಗೆ ಲೆಕ್ಕವಿಲ್ಲ. ಆ ಮೀಸೆಯನ್ನು ಗುರುತಿಸದ ಕನ್ನಡಿಗನಿಲ್ಲ. ಶಕೀಲ್ ಅವರ ಭಾವಚಿತ್ರವನ್ನು ಮುಂದಿಟ್ಟರೆ ಎಷ್ಟು ಜನ ಗುರುತಿಸಿಯಾರು? ಕಾಡುಗಳ್ಳನ ಕತೆ ಹೇಳುವಾಗ ನಾವು ಸತ್ತವರನ್ನು ಅಂಕಿಗಳಾಗಿ ಎಣಿಸಿಬಿಡುತ್ತೇವೆ. ಇಲ್ಲಿ ಐದು ಜನ, ಅಲ್ಲಿ ಆರು ಜನ, ಇನ್ನೊಂದು ಕಡೆ ಇಪ್ಪತ್ತೆರಡು ಜನ. ಆ ಎಣಿಕೆಯಲ್ಲಿ ಕಥಾನಾಯಕ ಒಬ್ಬನೇ, ಉಳಿದವರೆಲ್ಲ ಅವನ ಲೆಕ್ಕಕ್ಕೆ ಸೇರಿದವರು.

ಆ ಹೊತ್ತಿನ ಘಟನೆಗಳನ್ನು ಸ್ವಲ್ಪ ಜೋಡಿಸಿಕೊಳ್ಳೋಣ. ಮೊದಲು ಆನೆದಂತ, ಆಮೇಲೆ ಶ್ರೀಗಂಧ. ಗೋಪಿನಾಥಂ ಸುತ್ತಿನ ಕಾಡಿನಲ್ಲಿ ವೀರಪ್ಪನ್ ಬೆಳೆದ ಬಗೆ ಎಲ್ಲರಿಗೂ ಗೊತ್ತಿರುವುದೇ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು, ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡು ಕೊಂದ. ಶ್ರೀನಿವಾಸ್ ಕೈಯಲ್ಲಿ ಆಯುಧವಿರಲಿಲ್ಲ. ಅವರಿಗೆ ಮರಣೋತ್ತರ ಕೀರ್ತಿಚಕ್ರ ಬಂತು. ಮರುವರ್ಷದ ಆರಂಭದಲ್ಲಿ ಪೊಲೀಸರು ವೀರಪ್ಪನ್‌ನ ಬಲಗೈಯಂತಿದ್ದ ಗುರುನಾಥನ್‌ನನ್ನು ಹಿಡಿದರು. ಹಿಡಿಯುವುದರಲ್ಲಿ ಮುಖ್ಯ ಪಾತ್ರ ಶಕೀಲ್ ಅಹಮದ್ ಅವರದು. ಗುರುನಾಥನ್ ಪೊಲೀಸರ ಗುಂಡಿಗೆ ಸತ್ತ. ಅಲ್ಲಿಂದ ಶಕೀಲ್ ಹೆಸರು ಕಾಡಿನೊಳಗಿನ ಹಗೆಯ ಪಟ್ಟಿಗೆ ಸೇರಿತು. ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ರಾತ್ರೋರಾತ್ರಿ ದಾಳಿಯಾಯಿತು. ಐವರು ಪೊಲೀಸರು ಸತ್ತರು, ಠಾಣೆಯ ಬಂದೂಕುಗಳು ಕಾಡು ಸೇರಿದವು.

ಮೂರು ತಿಂಗಳ ನಂತರ ಮೀಣ್ಯಂ. ರಾಮಾಪುರ, ಮೀಣ್ಯಂ ಎರಡೂ ಈಗ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿವೆ. ಆಗ ಚಾಮರಾಜನಗರ ಜಿಲ್ಲೆಯೇ ಇರಲಿಲ್ಲ, ಎಲ್ಲವೂ ಮೈಸೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು. ಮಾಹಿತಿದಾರನೊಬ್ಬನ ಮೂಲಕ ಪೊಲೀಸರಿಗೆ ಒಂದು ಸುಳಿವು ಬಂತು. ವೀರಪ್ಪನ್ ಹತ್ತಿರ ಹೋಗಲು ದಾರಿ ಸಿಕ್ಕಿತು ಎಂದುಕೊಂಡು ಎಸ್ಪಿ ಟಿ. ಹರಿಕೃಷ್ಣ, ಶಕೀಲ್ ಅಹಮದ್ ಮತ್ತು ಸಿಬ್ಬಂದಿ ಹೊರಟರು. ಸುಳಿವು ಕೊಟ್ಟ ದಾರಿಯ ತುದಿಯಲ್ಲಿ ಬಲೆ ಕಾದಿತ್ತು. ಇಕ್ಕೆಲದ ಎತ್ತರದಿಂದ ಗುಂಡಿನ ಮಳೆ ಸುರಿಯಿತು. ಎಸ್ಪಿ, ಎಸ್‌ಐ ಸೇರಿ ಆರು ಮಂದಿ ಪೊಲೀಸರು ಸತ್ತರು. ನಾಳೆ ಬೆಳಗಾದರೆ ಸ್ವಾತಂತ್ರ್ಯ ದಿನ. ಠಾಣೆಗಳ ಮುಂದೆ ಬಾವುಟದ ಕಂಬಕ್ಕೆ ಬಣ್ಣ ಬಳಿಯುವ ದಿನ.

ನಂತರದ ವರ್ಷ ಇನ್ನೂ ಘೋರವಾಗಿತ್ತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಮೇ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಎಸ್ಪಿ ಗೋಪಾಲ ಹೊಸೂರ್ ಅವರ ತಂಡದ ಮೇಲೆ ದಾಳಿಯಾಯಿತು. ಅವರು ತೀವ್ರವಾಗಿ ಗಾಯಗೊಂಡು ಉಳಿದರು, ಅವರ ಜೊತೆಗಿದ್ದ ಪೊಲೀಸರು ಉಳಿಯಲಿಲ್ಲ. ಕಾರ್ಯಪಡೆ ಬಲಗೊಂಡಿತು, ಹಳ್ಳಿಹಳ್ಳಿಗೆ ನುಗ್ಗಿತು. ಸೋಲಿಗರು, ಗಡಿಯ ತಮಿಳು ಮಾತಾಡುವ ಬಡ ರೈತರು, ಕೂಲಿಯವರು, ಸೌದೆ ಆಯುವವರು, ಹೆಂಗಸರು ಕೂಡ ಹಿಡಿಯಲ್ಪಟ್ಟರು. ರಾಮಾಪುರ, ಮೀಣ್ಯಂ, ಪಾಲಾರ್, ಮಹದೇಶ್ವರ ಬೆಟ್ಟದ ಪ್ರಕರಣಗಳಿಗೆ ಟಾಡಾ ಹಾಕಲಾಯಿತು. ಟಾಡಾ ಎಂದರೆ ಜಾಮೀನು ಹೆಚ್ಚುಕಡಿಮೆ ಇಲ್ಲ ಎಂದೇ ಅರ್ಥ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಅಲ್ಲಿ ಸಾಕ್ಷ್ಯ. 1995ರಲ್ಲಿ ಆ ಕಾಯ್ದೆಯ ಅವಧಿ ಮುಗಿದು ಬಿದ್ದುಹೋಯಿತಾದರೂ ಅದರಡಿ ಆಗಲೇ ಹೂಡಿದ್ದ ಮೊಕದ್ದಮೆಗಳು ಉಳಿದವು, ಮೈಸೂರಿನ ಜೈಲಿನಲ್ಲಿ ಕೈದಿಗಳೂ ಉಳಿದರು. ವರ್ಷಗಳು ಉರುಳಿದವು, ವಿಚಾರಣೆ ತೆವಳಿತು.

2000ದ ಜುಲೈ 30ರ ರಾತ್ರಿ ಗಾಜನೂರಿನಲ್ಲಿ ಡಾ. ರಾಜಕುಮಾರ್ ಅಪಹರಣವಾದ ಮೇಲೆ ಇದೆಲ್ಲ ತಲೆಕೆಳಗಾಯಿತು. ಆ ದಿನಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ. ಆಮೇಲೆ ಹುಟ್ಟಿದವರಿಗೆ ಎಷ್ಟು ವಿವರಿಸಿದರೂ ಸಾಲದು. ಬೆಂಗಳೂರು ಬಾಗಿಲು ಹಾಕಿಕೊಂಡಿತು. ಬಸ್ಸಿಲ್ಲ, ಶಾಲೆಯಿಲ್ಲ, ಚಿತ್ರಮಂದಿರಗಳಲ್ಲಿ ಕತ್ತಲೆ. ಕನ್ನಡ ಚಿತ್ರರಂಗ ಕೆಲಸ ನಿಲ್ಲಿಸಿತು. ಅಣ್ಣಾವ್ರಿಗೆ ಏನಾದರೂ ಆದರೆ ನಗರದಲ್ಲಿರುವ ತಮಿಳರಿಗೆ ಏನಾದೀತು ಎಂಬ ಭಯ ಎಲ್ಲರ ಮನಸ್ಸಿನಲ್ಲೂ ಇತ್ತು. ಅದು ಬರೀ ಕಲ್ಪನೆಯ ಭಯವಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿಯ ಮಧ್ಯಂತರ ತೀರ್ಪಿನ ಬೆನ್ನಿಗೆ ಬೆಂಗಳೂರಿನಲ್ಲಿ ನಡೆದದ್ದು ಯಾರಿಗೂ ಮರೆತಿರಲಿಲ್ಲ. ಎಸ್. ಎಂ. ಕೃಷ್ಣ ಅವರ ಸರ್ಕಾರ ಆಗ ಪಟ್ಟ ಪಾಡನ್ನು ಇಂದು ಕುರ್ಚಿಯಲ್ಲಿ ಕೂತು ಹಗುರವಾಗಿ ಕಾಣುವುದು ನ್ಯಾಯವಲ್ಲ. ಏಳು ತಿಂಗಳ ಹಿಂದಷ್ಟೇ, 1999ರ ಡಿಸೆಂಬರಿನಲ್ಲಿ, ಕಂದಹಾರಿಗೆ ಒಯ್ದ ವಿಮಾನದ ಪ್ರಯಾಣಿಕರಿಗಾಗಿ ಕೇಂದ್ರ ಸರ್ಕಾರವೇ ಮೂವರು ಉಗ್ರರನ್ನು ಬಿಟ್ಟುಕೊಟ್ಟಿತ್ತು.

ಕಾಡಿನಿಂದ ಬಂದ ಬೇಡಿಕೆಗಳ ಪಟ್ಟಿಯಲ್ಲಿ ಕಾವೇರಿ ನೀರಿತ್ತು, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ ಇತ್ತು, ಕಾರ್ಯಪಡೆಯ ದೌರ್ಜನ್ಯಕ್ಕೆ ಗುರಿಯಾದವರಿಗೆ ಪರಿಹಾರವಿತ್ತು. ಜೊತೆಗೆ, ಕರ್ನಾಟಕದ ಜೈಲಿನಲ್ಲಿದ್ದ ಟಾಡಾ ಕೈದಿಗಳ ಬಿಡುಗಡೆಯೂ ಇತ್ತು. ಸಂಖ್ಯೆ 51. ತಮಿಳುನಾಡಿನ ಜೈಲುಗಳಿಂದ ಬಿಡಬೇಕಾದವರ ಪಟ್ಟಿ ಬೇರೆ. ಸರ್ಕಾರ ಒಪ್ಪಿತು. ಸರ್ಕಾರ ಒಪ್ಪಿದ ಮಾತ್ರಕ್ಕೆ ಕೈದಿ ಹೊರಗೆ ಬರುವುದಿಲ್ಲ, ಅದಕ್ಕೊಂದು ವಿಧಿ ಇದೆ. ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಂ ಪ್ರಕಾರ ಸರ್ಕಾರಿ ಅಭಿಯೋಜಕರು ನ್ಯಾಯಾಲಯದ ಒಪ್ಪಿಗೆ ಪಡೆದು ಮೊಕದ್ದಮೆಯಿಂದ ಹಿಂದೆ ಸರಿಯಬಹುದು. ಮೈಸೂರಿನ ಟಾಡಾ ನ್ಯಾಯಾಲಯದ ಮುಂದೆ ವಿಶೇಷ ಅಭಿಯೋಜಕರು ಅರ್ಜಿ ಹಾಕಿದರು. ಗಡಿಭಾಗದಲ್ಲಿ ಶಾಂತಿ ನೆಲೆಸಲು ಟಾಡಾ ಆರೋಪಗಳನ್ನು ಕೈಬಿಡುವುದು ಅಗತ್ಯ ಎಂಬುದು ಅದರ ಸಾರ. 2000ದ ಆಗಸ್ಟಿನಲ್ಲೇ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಟಾಡಾ ಹೋದರೆ ಉಳಿದ ಆರೋಪಗಳಲ್ಲಿ ಜಾಮೀನು ಸಿಗುತ್ತದೆ, ಜೈಲಿನ ಬಾಗಿಲು ತೆರೆಯುತ್ತದೆ, ಕಾಡಿಗೆ ಸುದ್ದಿ ಮುಟ್ಟುತ್ತದೆ.

ಬಾಗಿಲು ತೆರೆಯುವ ಮುನ್ನ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು.

ಇಲ್ಲಿ ಒಂದು ಕ್ಷಣ ನಿಂತು ಅವರ ಸ್ಥಿತಿ ನೋಡಬೇಕು. ಇಡೀ ಕರ್ನಾಟಕ ಒಬ್ಬ ನಟನ ಜೀವಕ್ಕಾಗಿ ಹರಕೆ ಹೊತ್ತಿದೆ. ದೇವಸ್ಥಾನ, ದರ್ಗಾ, ಚರ್ಚುಗಳಲ್ಲಿ ಒಂದೇ ಪ್ರಾರ್ಥನೆ. ಬಿಡುಗಡೆಗೆ ಅಡ್ಡಿ ಬಂದರೆ ಅಣ್ಣಾವ್ರ ಜೀವಕ್ಕೆ ಅಪಾಯ ಎಂದು ಎಲ್ಲರೂ ನಂಬಿದ್ದಾರೆ. ಅಂಥ ಹೊತ್ತಿನಲ್ಲಿ, ಬೇಡ, ನನ್ನ ಮಗನ ಕೊಲೆಯ ಮೊಕದ್ದಮೆಯನ್ನು ಹೀಗೆ ಮಾರಬೇಡಿ ಎಂದು ಹೇಳಲು ಎಂಥ ಗಟ್ಟಿತನ ಬೇಕು! ಅವರು ಯಾರ ತಲೆಯನ್ನೂ ಕೇಳಲಿಲ್ಲ. ಅಪರಾಧಿ ಯಾರೆಂದು ನ್ಯಾಯಾಲಯ ಹೇಳಲಿ, ಕಾಡಿನೊಳಗಿಂದ ಬಂದ ಕ್ಯಾಸೆಟ್ ಹೇಳುವುದು ಬೇಡ ಎಂಬಷ್ಟೇ ಅವರ ವಾದದ ತಿರುಳು. ನಿವೃತ್ತ ಪೊಲೀಸ್ ಅಧಿಕಾರಿಯಾಗಿ ಅವರಿಗೆ ಇನ್ನೊಂದೂ ಗೊತ್ತಿತ್ತು ಎನ್ನಿಸುತ್ತದೆ. ಮೀಣ್ಯಂ ದಾರಿಗೆ ಮುಂದೆ ಇನ್ನೊಬ್ಬ ಎಸ್‌ಐಯನ್ನು ಕಳಿಸುವಾಗ ಇಲಾಖೆ ಆತನಿಗೆ ಏನೆಂದು ಹೇಳಬೇಕು? ಅಭಿಯೋಜಕರ ಅರ್ಜಿಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ.

ಸುಪ್ರೀಂ ಕೋರ್ಟ್ ಮೊದಲು ಬಿಡುಗಡೆಗೆ ತಡೆ ಹಾಕಿತು. ನ್ಯಾಯಮೂರ್ತಿಗಳಾದ ಎಸ್. ಪಿ. ಭರೂಚಾ, ಡಿ. ಪಿ. ಮೊಹಾಪಾತ್ರ, ವೈ. ಕೆ. ಸಭರವಾಲ್ ಅವರ ಪೀಠ ಕರ್ನಾಟಕ, ತಮಿಳುನಾಡು ಎರಡೂ ಸರ್ಕಾರಗಳನ್ನು ಬಿರುಸಾಗಿ ಪ್ರಶ್ನಿಸಿತು. ರಾಜಕುಮಾರ್ ಇನ್ನೂ ಕಾಡಿನಲ್ಲೇ ಇದ್ದಾಗ ತೀರ್ಪು ಬಂತು: ಮೊಕದ್ದಮೆ ವಾಪಸಾತಿಗೆ ಕೊಟ್ಟ ಒಪ್ಪಿಗೆ ರದ್ದು. ಸಭರವಾಲ್ ಪ್ರತ್ಯೇಕ ತೀರ್ಪು ಬರೆದರೂ ನಿಲುವು ಒಂದೇ.

ತೀರ್ಪಿನ ತರ್ಕ ಸರಳವಾಗಿದೆ, ಅದಕ್ಕೇ ಅದು ಬಾಳಿದೆ. 321ನೇ ಕಲಮಿನಲ್ಲಿ ಅಧಿಕಾರ ಇರುವುದು ಅಭಿಯೋಜಕರಿಗೆ. ಸರ್ಕಾರ ಸಲಹೆ ಕೊಡಬಹುದು. ಆದರೆ ಅಭಿಯೋಜಕರು ಸರ್ಕಾರದ ಕಾಗದವನ್ನು ನ್ಯಾಯಾಲಯಕ್ಕೆ ತಲುಪಿಸುವ ಅಂಚೆಯವರಲ್ಲ. ತಮ್ಮ ಮುಂದಿರುವ ಸಾಕ್ಷ್ಯ, ಸಾರ್ವಜನಿಕ ಹಿತ ಎಲ್ಲವನ್ನೂ ತಾವೇ ತೂಗಿ ನೋಡಬೇಕು. ತೂಗಿ ನೋಡಿದ್ದಾರೆಯೇ ಎಂದು ನ್ಯಾಯಾಧೀಶರು ಪರೀಕ್ಷಿಸಬೇಕು. ಇಲ್ಲಿ ತಕ್ಕಡಿಯ ಒಂದು ತಟ್ಟೆಯನ್ನು ಮಾತ್ರ ನೋಡಲಾಗಿತ್ತು. ರಾಜಕುಮಾರ್‌ಗೆ ಅಪಾಯವಾದರೆ ಗಲಭೆಯಾದೀತು ಎಂಬುದು ಆ ತಟ್ಟೆ. ಇನ್ನೊಂದು ತಟ್ಟೆಯಲ್ಲಿ ಏನಿರಬೇಕಿತ್ತು? ಬಿಡುಗಡೆಯಾದವರು ಮತ್ತೆ ವೀರಪ್ಪನ್ ಜೊತೆ ಸೇರಿದರೆ ಆಗುವುದೇನು, ಒಮ್ಮೆ ಮಣಿದ ಸರ್ಕಾರವನ್ನು ಮತ್ತೆ ಮತ್ತೆ ಮಣಿಸಲು ಯಾರು ಯಾರು ಬರುತ್ತಾರೆ, ಆ ಕಾಡಿನಲ್ಲಿ ಕಾದಾಡಿದ ಪೊಲೀಸರ ಸ್ಥೈರ್ಯದ ಗತಿಯೇನು? ಇವು ಯಾವುವನ್ನೂ ಸರ್ಕಾರವಾಗಲಿ ಅಭಿಯೋಜಕರಾಗಲಿ ಯೋಚಿಸಿದ ಗುರುತು ಕಾಗದಪತ್ರಗಳಲ್ಲಿ ಇರಲಿಲ್ಲ.

ಎಂಟು ದಿನಗಳ ನಂತರ, ನವೆಂಬರ್ 15ರಂದು, ರಾಜಕುಮಾರ್ ಬಿಡುಗಡೆಯಾದರು. ಅಪಹರಣವಾಗಿ 108 ದಿನ. ನಾಡು ಪಟಾಕಿ ಹೊಡೆಯಿತು. ಟಾಡಾ ಕೈದಿಗಳು ಒಳಗೇ ಇದ್ದರು.

ಕತೆ ಇಲ್ಲಿಗೆ ಮುಗಿದಿದ್ದರೆ ಒಬ್ಬ ತಂದೆಯ ಗೆಲುವೆಂದು ಬರೆದು ಲೇಖನಿ ಕೆಳಗಿಡಬಹುದಿತ್ತು. ಶಕೀಲ್ ಅಹಮದ್ ಬಗ್ಗೆ ಬರೆಯುವ ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಂದಿನ ಭಾಗ ಬಿಟ್ಟು ಈ ನೆನಪು ಪೂರ್ತಿ ಆಗುವುದಿಲ್ಲ. ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಮೊಕದ್ದಮೆ ಮುಂದುವರಿಯಿತು. 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಹೇಳಿತು. ಆರೋಪಿಗಳಲ್ಲಿ ಬಹುಪಾಲು ಜನ ಖುಲಾಸೆಯಾದರು. ಎಂಟು ವರ್ಷ ಜೈಲಿನಲ್ಲಿ ಕೊಳೆತ ಮೇಲೆ, ಅವರ ಮೇಲಿನ ಆರೋಪ ಸಾಬೀತಾಗಿಲ್ಲ ಎಂಬ ಮಾತು ಸಿಕ್ಕಿತು. ಒಳಗೆ ಹೋಗುವಾಗ ಮಡಿಲಲ್ಲಿದ್ದ ಮಕ್ಕಳು ಹೊರಗೆ ಬರುವ ಹೊತ್ತಿಗೆ ದನ ಮೇಯಿಸುವಷ್ಟು ದೊಡ್ಡವರಾಗಿರುವ ಕಾಲಾವಧಿ ಅದು.

ಹಾಗಾದರೆ ಬಿಡುಗಡೆಯನ್ನು ತಡೆದದ್ದು ತಪ್ಪಾಯಿತೇ? ಈ ಪ್ರಶ್ನೆಯನ್ನು ನಾನು ಹಲವು ಬಾರಿ ಕೇಳಿಕೊಂಡಿದ್ದೇನೆ. 2000ದಲ್ಲಿ ಬಿಟ್ಟಿದ್ದರೆ ಆ ಬಡವರು ಒಂದು ವರ್ಷ ಮೊದಲೇ ಮನೆ ಸೇರುತ್ತಿದ್ದರು, ನಿಜ. ಆದರೆ ಹೇಗೆ ಸೇರುತ್ತಿದ್ದರು? ವೀರಪ್ಪನ್ ಬಿಡಿಸಿಕೊಂಡ ವೀರಪ್ಪನ್‌ನ ಜನರಾಗಿ. ಅವರ ಹಳ್ಳಿಗೆ ಕಾರ್ಯಪಡೆಯ ಜೀಪು ಬಂದಾಗಲೆಲ್ಲ ಆ ಹಣೆಪಟ್ಟಿ ಅವರ ಜೊತೆಗಿರುತ್ತಿತ್ತು. ನ್ಯಾಯಾಲಯ ಖುಲಾಸೆ ಮಾಡಿದ ಮೇಲೆ ಅವರು ಯಾರ ಋಣದಲ್ಲೂ ಇರಲಿಲ್ಲ. ಮಗನ ಕೊಲೆಯ ವಿಚಾರಣೆ ಮುಗಿಯಲಿ ಎಂದು ಕರೀಂ ಕೇಳಿದರು. ಆ ವಿಚಾರಣೆ ಮುಗಿದದ್ದರಿಂದ ಕರೀಂ ಅವರಿಗೆಷ್ಟು ಸಿಕ್ಕಿತೋ ಕಾಣೆ, ಆರೋಪಿಗಳಿಗಂತೂ ಹೆಚ್ಚು ಸಿಕ್ಕಿತು. ಆದರೂ ಅವರ ಎಂಟು ವರ್ಷಗಳ ಲೆಕ್ಕ ಬಾಕಿ ಉಳಿಯಿತು. ವಿಚಾರಣೆಯನ್ನು ಎಂಟು ವರ್ಷ ಎಳೆದದ್ದು ಆ ತಂದೆಯಲ್ಲ.

ಆ ಲೆಕ್ಕವನ್ನು ಇನ್ನೊಂದು ಕಡೆ ತೆಗೆಯಲಾಗಿತ್ತು. ಕಾರ್ಯಪಡೆಯ ದೌರ್ಜನ್ಯದ ದೂರುಗಳ ಬಗ್ಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲೇ ನ್ಯಾಯಮೂರ್ತಿ ಎ. ಜೆ. ಸದಾಶಿವ ಮತ್ತು ನಿವೃತ್ತ ಪೊಲೀಸ್ ಅಧಿಕಾರಿ ಸಿ. ವಿ. ನರಸಿಂಹನ್ ಅವರ ಸಮಿತಿ ನೇಮಿಸಿತ್ತು. ಹಳ್ಳಿಯವರನ್ನು ಕೂಡಿಹಾಕಿ ಹಿಂಸಿಸಿದ ಸಂಗತಿಗಳನ್ನು ಸಮಿತಿ ದಾಖಲಿಸಿತು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ವೀರಪ್ಪನ್‌ನ ಬೇಡಿಕೆಪಟ್ಟಿಯಲ್ಲಿದ್ದ ಪರಿಹಾರದ ಮಾತಿಗೂ, ಆಯೋಗದ ಆದೇಶಕ್ಕೂ ಮೇಲುನೋಟಕ್ಕೆ ವ್ಯತ್ಯಾಸ ಕಾಣದಿರಬಹುದು. ಮಹದೇಶ್ವರ ಬೆಟ್ಟದ ಹೆಂಗಸೊಬ್ಬಳು ಒಂದು ಸಮಿತಿಯ ಮುಂದೆ ಕೂತು ತನ್ನ ಬಾಯಿಂದ ಹೇಳಿದ್ದಕ್ಕೆ ಸಿಕ್ಕ ಹಣ ಬೇರೆ, ಒತ್ತೆಯಾಳಿನ ಕುತ್ತಿಗೆ ಹಿಡಿದು ಕೇಳಿದ ಹಣ ಬೇರೆ.

ಶಕೀಲ್ ಅಹಮದ್ ಅವರನ್ನು ನೆನೆಯುವಾಗ ಕಾರ್ಯಪಡೆಯ ಈ ಕತ್ತಲೆಯನ್ನು ಏಕೆ ಎಳೆದು ತರುತ್ತೀರಿ ಎಂದು ಯಾರಾದರೂ ಕೇಳಬಹುದು. ಪೊಲೀಸ್ ಇಲಾಖೆಗೇ ಒಂದು ಒಳ್ಳೆಯ ಸಂಪ್ರದಾಯವಿದೆ. ಪ್ರತಿ ವರ್ಷ ಅಕ್ಟೋಬರ್ 21ರಂದು ಹುತಾತ್ಮರ ದಿನ. 1959ರಲ್ಲಿ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನೀ ಸೈನಿಕರ ಗುಂಡಿಗೆ ಹತ್ತು ಮಂದಿ ಪೊಲೀಸರು ಬಲಿಯಾದರು. ಗಡಿ ಕಾಯಲು ಆಗಿನ್ನೂ ಅಲ್ಲಿ ಸೈನ್ಯವಿರಲಿಲ್ಲ, ಇದ್ದದ್ದು ಪೊಲೀಸರು. ಅವರ ನೆನಪಿಗೆ ನಡೆಯುವ ಕವಾಯತಿನಲ್ಲಿ ಆ ವರ್ಷ ಕರ್ತವ್ಯದಲ್ಲಿ ಸತ್ತ ದೇಶದ ಎಲ್ಲ ಪೊಲೀಸರ ಹೆಸರುಗಳನ್ನು ಓದುತ್ತಾರೆ. ಭಾಷಣ ಚಿಕ್ಕದು, ಹೆಸರುಗಳ ಪಟ್ಟಿ ಉದ್ದ. ಆ ಪಟ್ಟಿಯಲ್ಲಿ ವಿಶೇಷಣಗಳಿರುವುದಿಲ್ಲ. ಹೆಸರು, ಹುದ್ದೆ, ರಾಜ್ಯ, ಅಷ್ಟೇ. ಹೊಗಳಿಕೆಯಿಂದ ಉಬ್ಬಿಸಿದ ಹುತಾತ್ಮನಿಗಿಂತ ಅಂಥ ಪಟ್ಟಿಯಲ್ಲಿರುವ ಮನುಷ್ಯ ನನಗೆ ಹತ್ತಿರದವನು. ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ತನ್ನ ಕೆಲಸ ಮಾಡಲು ಹೋಗಿ ಸತ್ತರು. ಅವರ ಇಲಾಖೆಯ ಬೇರೆಯವರು ಬೇರೆ ಹೊತ್ತಿನಲ್ಲಿ ಮಾಡಿದ ಅನ್ಯಾಯವನ್ನು ಮುಚ್ಚಲು ಅವರ ಸಾವನ್ನು ಹೊದಿಕೆ ಮಾಡಿದರೆ ಅವಮಾನ ಅವರಿಗೇ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪಾಲಾರ್ ಸ್ಫೋಟದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ನಾಲ್ವರಿಗೆ ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ಮರಣದಂಡನೆ ವಿಧಿಸಿತು. ಕ್ಷಮಾದಾನದ ಅರ್ಜಿಗಳು ಒಂಬತ್ತು ವರ್ಷ ಕಡತದಲ್ಲಿ ಕೂತವು. ಆ ವಿಳಂಬದ ಕಾರಣಕ್ಕೇ ಅದೇ ನ್ಯಾಯಾಲಯ 2014ರ ಜನವರಿ 21ರಂದು ಶಿಕ್ಷೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು. ವೀರಪ್ಪನ್ 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯಲ್ಲಿ ತಮಿಳುನಾಡು ಕಾರ್ಯಪಡೆಯ ಗುಂಡಿಗೆ ಸತ್ತ. ಮೀಣ್ಯಂ ಕೊಲೆಗಳಿಗಾಗಿ ಆತ ಯಾವ ನ್ಯಾಯಾಧೀಶರ ಮುಂದೆಯೂ ನಿಲ್ಲಲಿಲ್ಲ.

ಮತ್ತೆ ಆ ತೀರ್ಪಿಗೆ ಬರುತ್ತೇನೆ. ಅದನ್ನು ಓದುವಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಸತ್ತವನ ತಂದೆಗೆ ಆ ಮೊಕದ್ದಮೆಯಲ್ಲಿ ಮಾತಾಡಲು 321ನೇ ಕಲಂ ಎಲ್ಲೂ ಜಾಗ ಕೊಟ್ಟಿರಲಿಲ್ಲ. ಅದರಲ್ಲಿ ಸರ್ಕಾರವಿದೆ, ಅಭಿಯೋಜಕರಿದ್ದಾರೆ, ನ್ಯಾಯಾಲಯವಿದೆ, ಆರೋಪಿಯಿದ್ದಾನೆ. ಕಳೆದುಕೊಂಡವರ ಪ್ರಸ್ತಾಪವಿಲ್ಲ. ನಮ್ಮ ಕ್ರಿಮಿನಲ್ ಕಾನೂನಿನ ಕಣ್ಣಲ್ಲಿ ಅಪರಾಧ ನಡೆಯುವುದು ರಾಜ್ಯದ ವಿರುದ್ಧ, ಸತ್ತವನ ಮನೆಯವರು ಹೆಚ್ಚೆಂದರೆ ಸಾಕ್ಷಿಗಳು. ರಾಜ್ಯವೇ ಹಿಂದೆ ಸರಿದಾಗ ತಂದೆ ಹೊರಗಿನವನಾಗಿ ಬಾಗಿಲು ಬಡಿಯಬೇಕಾಯಿತು.

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹೊಸ ಕಾನೂನಿನ ಬಗ್ಗೆ ತಕರಾರುಗಳು ಬಹಳ ಇವೆ, ಅವುಗಳಲ್ಲಿ ಹಲವು ನನಗೂ ಸರಿ ಎನ್ನಿಸುತ್ತವೆ. ಹಳೆಯ 321 ಅಲ್ಲಿ 360ನೇ ಕಲಂ ಆಗಿದೆ. ಮಾತುಗಳು ಬಹುತೇಕ ಅವೇ. ಕೊನೆಯಲ್ಲಿ ಮಾತ್ರ ಹೊಸದೊಂದು ವಾಕ್ಯ ಸೇರಿದೆ: ಸಂತ್ರಸ್ತರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡದೆ ಯಾವ ನ್ಯಾಯಾಲಯವೂ ಮೊಕದ್ದಮೆಯ ವಾಪಸಾತಿಗೆ ಒಪ್ಪಿಗೆ ನೀಡಕೂಡದು. ಸಂತ್ರಸ್ತರು ಎಂಬ ಪದದ ವ್ಯಾಖ್ಯೆಯಲ್ಲಿ ಸತ್ತವರ ವಾರಸುದಾರರೂ ಸೇರುತ್ತಾರೆ.